ನೆತ್ತರುಕೊಡಗೆಯಿಂದ ರಕ್ತಕೇಂದ್ರದವರೆಗೆ: ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ರಕ್ತದಾನ ಮತ್ತು ಕಾನೂನು

ಕನ್ನಡದಲ್ಲಿ ರಕ್ತಕ್ಕೆ ಮೂರು ಹೆಸರುಗಳು ಪ್ರಮುಖವಾಗಿ ಬಳಕೆಯಾಗಿವೆ. ನೆತ್ತರು ದೇಸಿ ಮಾತು. ಕೆನ್ನೀರು ಹಳಗನ್ನಡ ಕಾವ್ಯದ ಮಾತು. ರಕ್ತ ಸಂಸ್ಕೃತದಿಂದ ಬಂದು ನೆಲೆಯೂರಿದ ಮಾತು. ಮಲೆನಾಡಿನ ಆಡುಮಾತಿನಲ್ಲಿ ಇವುಗಳ ಪೈಕಿ ಮೊದಲನೆಯದು ಮತ್ತು ಕೊನೆಯದು ಒಂದು ಬಗೆಯ ಕೆಲಸವನ್ನು ಹಂಚಿಕೊಂಡಿವೆ. ಕತ್ತಿ ತಾಗಿದಾಗ, ಇಂಬಳ ಕಚ್ಚಿದಾಗ ಹರಿಯುವುದು ನೆತ್ತರು. ಆಸ್ಪತ್ರೆಯಲ್ಲಿ ಪರೀಕ್ಷೆಗೆ ತೆಗೆಯುವುದು, ಚೀಲದಲ್ಲಿ ತುಂಬಿ ತಂದು ಏರಿಸುವುದು ರಕ್ತ. 'ರಕ್ತದಾನ' ಎಂಬ ಸಮಾಸವುಂಟು. 'ನೆತ್ತರುದಾನ' ಎಂದು ಯಾರೂ ಹೇಳುವುದಿಲ್ಲ. ಮೈಯೊಳಗಿನ ವಸ್ತುವೊಂದು ಮೈಯಿಂದ ಹೊರಬಂದು, ತೂಕ, ಗುಂಪು, ಅವಧಿಗಳಿಗೆ ಒಳಪಟ್ಟ ವಸ್ತುವಾದಾಗ ಜನಪದರ ನಾಲಗೆ ಅದಕ್ಕೆ ಬೇರೆ ಹೆಸರನ್ನೇ ಆರಿಸಿಕೊಂಡಿದೆ.

ಆದರೆ ನೆತ್ತರಿಗೂ ದಾನಕ್ಕೂ ಈ ಸೀಮೆಯಲ್ಲಿ ಹಳೆಯ ನಂಟುಂಟು. ಕಾಳಗದಲ್ಲಿ, ತುರುಗೊಳ್ ಸಂದರ್ಭದಲ್ಲಿ ಮಡಿದ ವೀರನ ಕುಟುಂಬಕ್ಕೆ ಅರಸನೋ ಊರವರೋ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಅದನ್ನು ಶಾಸನಗಳು ನೆತ್ತರುಕೊಡಗೆ ಎಂದು ಕರೆದಿವೆ. ರಕ್ತಕೊಡಗೆ ಎಂಬ ರೂಪವೂ ಉಂಟು. ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಎಂಟನೆಯ ಸಂಪುಟ 1904ರಲ್ಲಿ ಪ್ರಕಟವಾಯಿತು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಆಗಿನ ನಗರ ತಾಲ್ಲೂಕೇ ಇಂದಿನ ಹೊಸನಗರ ತಾಲ್ಲೂಕು. ಈ ಭಾಗದ ಊರಂಚಿನಲ್ಲಿ, ಕೆರೆಯ ಏರಿಯ ಮೇಲೆ ನಿಂತಿರುವ ವೀರಗಲ್ಲುಗಳನ್ನು ಕಂಡವರಿಗೆ ಒಂದು ಸಂಗತಿ ತಿಳಿಯದಿರದು: ಚೆಲ್ಲಿದ ನೆತ್ತರಿಗೆ ಸಮುದಾಯ ಋಣಿಯಾಗಿರುತ್ತದೆ, ಆ ಋಣವನ್ನು ಮಣ್ಣಿನ ರೂಪದಲ್ಲಿ ತೀರಿಸಬೇಕು ಎಂಬ ತಿಳಿವಳಿಕೆ ಇಲ್ಲಿ ಗಟ್ಟಿಯಾಗಿತ್ತು. ರಕ್ತಕ್ಕೆ ಪ್ರತಿಫಲ ಸಲ್ಲಬೇಕೇ, ಸಲ್ಲಬಾರದೇ ಎಂಬ ಪ್ರಶ್ನೆ ಇಪ್ಪತ್ತನೆಯ ಶತಮಾನದಲ್ಲಿ ನ್ಯಾಯಾಲಯದ ಮುಂದೆ ಬಂದಾಗ ಅದು ಈ ನೆಲಕ್ಕೆ ತೀರ ಹೊಸದಾಗಿರಲಿಲ್ಲ.

ಭಾರತದಲ್ಲಿ ಮೊದಲ ರಕ್ತನಿಧಿ 1942ರಲ್ಲಿ, ಎರಡನೆಯ ಮಹಾಯುದ್ಧದ ಒತ್ತಡದಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಅದಕ್ಕೆ ಎರಡು ವರ್ಷ ಮೊದಲು, 1940ರಲ್ಲಿ, ಔಷಧಗಳ ಕಾಯಿದೆ ಬಂದಿತ್ತು. ಅದರ ನಿಯಮಾವಳಿ 1945ರದು. ರಕ್ತಕ್ಕಾಗಿಯೇ ಪ್ರತ್ಯೇಕವಾದ ಕಾಯಿದೆಯೊಂದು ಈ ದೇಶದಲ್ಲಿ ರೂಪುಗೊಂಡಿಲ್ಲ. ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯಿದೆಯ ಅಡಿಯಲ್ಲಿ ಮನುಷ್ಯನ ರಕ್ತವೂ ಒಂದು 'ಔಷಧ'. ಮಾತ್ರೆ, ಮುಲಾಮುಗಳಂತೆ ಅದಕ್ಕೂ ಪರವಾನಗಿ, ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ಇರಬೇಕು. ರಕ್ತ ಸಂಗ್ರಹಿಸುವ ಕೇಂದ್ರಕ್ಕೆ 100 ಚದರ ಮೀಟರ್ ಜಾಗವಿರಬೇಕು, ಘಟಕಗಳನ್ನು ಬೇರ್ಪಡಿಸುವುದಾದರೆ ಇನ್ನೂ 50 ಚದರ ಮೀಟರ್ ಬೇಕು ಎಂದು ನಿಯಮಗಳು ವಿಧಿಸಿವೆ. ಜೀವವೇ ಹರಿಯುವ ರೂಪ ತಳೆದಂತಿರುವ ವಸ್ತುವನ್ನು ಹೀಗೆ ಚದರ ಮೀಟರುಗಳಲ್ಲಿ ಅಳೆಯುವುದು ಮೊದಲಿಗೆ ವಿಚಿತ್ರವೆನಿಸಬಹುದು. ಅದರ ಅಗತ್ಯವೇನಿತ್ತೆಂಬುದು ಆಮೇಲಿನ ಇತಿಹಾಸದಿಂದ ಸ್ಪಷ್ಟವಾಗುತ್ತದೆ.

ದಶಕಗಳ ಕಾಲ ನಗರಗಳ ರಕ್ತನಿಧಿಗಳಿಗೆ ರಕ್ತವನ್ನು ಒದಗಿಸಿದವರಲ್ಲಿ ಬಹುಪಾಲು ಜನ ಹಣಕ್ಕೆ ರಕ್ತ ಕೊಡುವ ಬಡವರಾಗಿದ್ದರು. ರಿಕ್ಷಾ ಎಳೆಯುವವರು, ಕೂಲಿಗಳು, ಚಟಕ್ಕೆ ಬಿದ್ದವರು ಮತ್ತೆ ಮತ್ತೆ ಬಂದು ತೋಳು ಚಾಚುತ್ತಿದ್ದರು. 'ರಕ್ತ ಬಸಿದು ದುಡಿಯುವುದು' ಎಂಬ ನುಡಿಗಟ್ಟು ಅವರ ಪಾಲಿಗೆ ಅಲಂಕಾರವಾಗಿರದೆ ವಾಚ್ಯಾರ್ಥವೇ ಆಗಿತ್ತು. 1980ರ ದಶಕದಲ್ಲಿ ಎಚ್‌ಐವಿ ಸೋಂಕು ಕಾಣಿಸಿಕೊಂಡ ಮೇಲೆ ಈ ವ್ಯಾಪಾರದ ಅಪಾಯ ಬಯಲಾಯಿತು. 'ಕಾಮನ್ ಕಾಸ್' ಸಂಸ್ಥೆ ಸುಪ್ರೀಂ ಕೋರ್ಟಿನ ಮುಂದೆ ತಂದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ತೀರ್ಪು 1996ರ ಜನವರಿ 4ರಂದು ಹೊರಬಿತ್ತು. ಒಂದು ವರ್ಷದೊಳಗೆ ಎಲ್ಲ ರಕ್ತನಿಧಿಗಳೂ ಪರವಾನಗಿ ಪಡೆಯಬೇಕು, ಎರಡು ವರ್ಷದೊಳಗೆ ವೃತ್ತಿನಿರತ ದಾನಿಗಳ ಪದ್ಧತಿ ಕೊನೆಗೊಳ್ಳಬೇಕು, ರಾಷ್ಟ್ರ ಮತ್ತು ರಾಜ್ಯ ಮಟ್ಟದಲ್ಲಿ ರಕ್ತ ವರ್ಗಾವಣೆ ಪರಿಷತ್ತುಗಳು ರಚನೆಯಾಗಬೇಕು ಎಂಬುದು ಅದರ ಸಾರ. ಅದರಂತೆ 1998ರ ಜನವರಿ 1ರಿಂದ ಹಣಕ್ಕೆ ರಕ್ತ ಕೊಡುವುದು ನಿಷಿದ್ಧವಾಯಿತು. 2002ರಲ್ಲಿ ರಾಷ್ಟ್ರೀಯ ರಕ್ತ ನೀತಿ ಬಂದಿತು.

ನಿಯಮಗಳ ಪ್ರಕಾರ ವೃತ್ತಿನಿರತ ದಾನಿಯೆಂದರೆ ನಗದಾಗಿ ಇಲ್ಲವೆ ವಸ್ತುರೂಪದಲ್ಲಿ ಬೆಲೆಯುಳ್ಳ ಪ್ರತಿಫಲ ಪಡೆದು ರಕ್ತ ಕೊಡುವವನು. ಮೇಲುನೋಟಕ್ಕೆ ನೆತ್ತರುಕೊಡಗೆಯ ಗದ್ದೆಯೂ ಈ ವ್ಯಾಖ್ಯೆಗೆ ಸಿಕ್ಕಿಬೀಳುತ್ತದೆ. ಆದರೆ ಎರಡಕ್ಕೂ ಮೂಲಭೂತ ಅಂತರವಿದೆ. ಕೊಡಗೆ ಸಂದುಹೋದ ಜೀವಕ್ಕೆ ಉಳಿದವರು ತೋರಿದ ಹೊಣೆ. ಅದು ಮುಂದೆ ಹರಿಯಬೇಕಾದ ನೆತ್ತರನ್ನು ಕೊಳ್ಳುವ ಬೆಲೆಯಲ್ಲ. ಕಾನೂನು ನಿಷೇಧಿಸಿರುವುದು ಈ ಕೊಳ್ಳುವಿಕೆಯನ್ನು. ಇಂದು ರೋಗಿಯ ಕಡೆಯವರು ತೆರುವ ಹಣ ರಕ್ತದ ಬೆಲೆಯಲ್ಲ, ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕ. ಖಾಸಗಿ ಕೇಂದ್ರಗಳು ಒಂದು ಯೂನಿಟ್ ಇಡೀ ರಕ್ತಕ್ಕೆ 1,550 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು 2022ರಲ್ಲಿ ನಿಗದಿಯಾಯಿತು.

ನಿಯಮಗಳು ಗುರುತಿಸುವ ಇನ್ನೊಬ್ಬ ದಾನಿ ಜಾನಪದ ದೃಷ್ಟಿಯಿಂದ ಹೆಚ್ಚು ಕುತೂಹಲಕರ. ರೋಗಿಯ ನೆಂಟನೋ ಕುಟುಂಬದ ಗೆಳೆಯನೋ ಆಗಿ, ಪಡೆದ ರಕ್ತಕ್ಕೆ ಬದಲಾಗಿ ತನ್ನ ರಕ್ತ ಕೊಡುವವನು ಬದಲಿ ದಾನಿ. ಹಳ್ಳಿಯ ನ್ಯಾಯಕ್ಕೆ ಇದು ಸಹಜವಾಗಿ ಒಪ್ಪುವ ವ್ಯವಸ್ಥೆ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗುವ ಸಮಾಜದಲ್ಲಿ ರಕ್ತಕ್ಕೂ ಮುಯ್ಯಿ ಸಲ್ಲುವುದರಲ್ಲಿ ಆಶ್ಚರ್ಯವಿಲ್ಲ. ರಕ್ತ ನೀತಿಯಾದರೋ ಈ ಪದ್ಧತಿಯನ್ನು ಹಂತಹಂತವಾಗಿ ಕೈಬಿಟ್ಟು, ಯಾರಿಗೆಂದು ತಿಳಿಯದೆ ಕೊಡುವ ಸ್ವಯಂಪ್ರೇರಿತ ದಾನದತ್ತ ಸಾಗಬೇಕೆಂದು ಹೇಳುತ್ತದೆ. ಒತ್ತಾಯಕ್ಕೊಳಗಾದ ನೆಂಟ ತನ್ನ ಕಾಯಿಲೆಯನ್ನು ಮುಚ್ಚಿಡಬಹುದು. ನೆಂಟನ ವೇಷದಲ್ಲಿ ಹಣ ಪಡೆದವನೇ ಬರಬಹುದು. ಇನ್ನೊಂದು ಸೋಜಿಗವುಂಟು. ಒಡಹುಟ್ಟಿದವರ, ಹೆತ್ತವರ ರಕ್ತವೇ ಉತ್ತಮವೆಂದು ಜನ ನಂಬುತ್ತಾರೆ. ವೈದ್ಯಶಾಸ್ತ್ರದ ಪ್ರಕಾರ ಅಂಥ ಸಮೀಪದವರ ರಕ್ತದಿಂದಲೇ ಅಪರೂಪವಾದರೂ ಪ್ರಾಣಾಂತಕವಾದ ಪ್ರತಿಕ್ರಿಯೆಯೊಂದು ಸಂಭವಿಸಬಹುದು. ಅದನ್ನು ವಿಕಿರಣಕ್ಕೆ ಒಡ್ಡಿಯೇ ಬಳಸಬೇಕಾಗುತ್ತದೆ. ರಕ್ತಸಂಬಂಧ ಎಂಬ ಮಾತು ರಕ್ತಕೇಂದ್ರದ ಬಾಗಿಲಲ್ಲಿ ತನ್ನ ಹಳೆಯ ಅರ್ಥವನ್ನು ಕಳೆದುಕೊಳ್ಳುತ್ತದೆ.

ಈ ಮೂರು ತಾಲ್ಲೂಕುಗಳಲ್ಲಿ ರಕ್ತದ ಪ್ರಶ್ನೆ ಉಳಿದೆಡೆಗಿಂತ ತೀವ್ರವಾಗಲು ಕಾರಣ ಮಂಗನ ಕಾಯಿಲೆ. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಬೆನ್ನಿಗೇ ಮನುಷ್ಯರಿಗೂ ಜ್ವರ ಹರಡಿತು. ಹಳದಿ ಜ್ವರವಿರಬಹುದೆಂಬ ಆತಂಕದಿಂದ ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಹೊಸದೊಂದು ವೈರಸ್ಸನ್ನು ಬೇರ್ಪಡಿಸಿದರು. ಸಾಗರದಲ್ಲಿ ಆ ಕೇಂದ್ರದ ಕ್ಷೇತ್ರ ಠಾಣೆಯೂ ಸ್ಥಾಪನೆಯಾಯಿತು. ಲೋಕದ ವೈದ್ಯಗ್ರಂಥಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ, ಕೆ.ಎಫ್.ಡಿ.; ಊರವರಿಗೆ ಮಂಗನ ಕಾಯಿಲೆ. ಕಾಡಿನ ಉಣುಗು ಕಚ್ಚುವುದರಿಂದ ಅದು ತಗಲುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಅದರ ಕಾಲ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ತರಗೆಲೆ, ಒಲೆಗೆ ಸೌದೆ ತರಲು ಜನ ಸೊಪ್ಪಿನಬೆಟ್ಟಕ್ಕೆ, ಕಾಡಿಗೆ ಹೋಗುವ ಕಾಲವೂ ಅದೇ. ಬಡವರು, ಕೂಲಿಯವರು ಇದಕ್ಕೆ ಮೊದಲ ಬಲಿ. 2018ರ ಡಿಸೆಂಬರ್‌ನಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಉಲ್ಬಣಿಸಿ ಹಲವು ಜೀವಗಳು ಹೋದವು. ದಶಕಗಳಿಂದ ಬಳಕೆಯಲ್ಲಿದ್ದ ಲಸಿಕೆಯನ್ನು ಅದರ ಪರಿಣಾಮ ಸಾಲದೆಂಬ ಕಾರಣಕ್ಕೆ 2022ರಲ್ಲಿ ನಿಲ್ಲಿಸಲಾಯಿತು.

ಈ ಜ್ವರಕ್ಕೆ ನೇರವಾದ ಮದ್ದಿಲ್ಲ. ಕೆಲವರಲ್ಲಿ ಮೂಗು, ಒಸಡು, ಕರುಳುಗಳಿಂದ ನೆತ್ತರು ಒಸರುತ್ತದೆ. ರಕ್ತದಲ್ಲಿನ ಕಿರುಬಿಲ್ಲೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಕುಸಿಯುತ್ತವೆ. ಎಲ್ಲ ರೋಗಿಗಳಿಗೂ ರಕ್ತ ಬೇಕಾಗುವುದಿಲ್ಲ. ಬೇಕಾದವರಿಗೆ ಮಾತ್ರ ಅದು ಗಂಟೆಗಳ ಲೆಕ್ಕದ ಮಾತು. ಜನ ಇದನ್ನು 'ಬಿಳಿ ರಕ್ತ ಕಡಿಮೆಯಾಗಿದೆ' ಎನ್ನುತ್ತಾರೆ. ಪತ್ರಿಕೆಗಳೂ ಡೆಂಗಿ ಜ್ವರದ ವರದಿಗಳಲ್ಲಿ ಪ್ಲೇಟ್‌ಲೆಟ್ಟನ್ನು ಬಿಳಿ ರಕ್ತಕಣವೆಂದು ಬರೆದದ್ದುಂಟು. ಅದು ತಪ್ಪಾದರೂ ಮಂಗನ ಕಾಯಿಲೆಯ ಮಟ್ಟಿಗೆ ಪೂರ್ತಿ ಸುಳ್ಳಲ್ಲ. ಅದರಲ್ಲಿ ನಿಜವಾದ ಬಿಳಿ ರಕ್ತಕಣಗಳೂ ಕುಸಿಯುತ್ತವೆ.

ದಾನಿಯೊಬ್ಬ ಕೊಡುವ 350 ಅಥವಾ 450 ಮಿಲಿಲೀಟರ್ ರಕ್ತ ಇಡಿಯಾಗಿ ಬಳಕೆಯಾಗುವುದು ಈಗ ಕಡಿಮೆ. ಅದನ್ನು ಯಂತ್ರದಲ್ಲಿ ತಿರುಗಿಸಿ ಬೇರ್ಪಡಿಸುತ್ತಾರೆ. ಹೆರಿಗೆಯ ರಕ್ತಸ್ರಾವಕ್ಕೆ, ರಕ್ತಹೀನತೆಗೆ ಬೇಕಾದ ಕೆಂಪು ಕಣಗಳು 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಸೇರಿಸಿದ ದ್ರಾವಣಕ್ಕೆ ತಕ್ಕಂತೆ, 35ರಿಂದ 42 ದಿನ ಉಳಿಯುತ್ತವೆ. ಘನೀಕರಿಸಿದ ಪ್ಲಾಸ್ಮಾ ಒಂದು ವರ್ಷ ಬಾಳುತ್ತದೆ. ಪ್ಲಾಸ್ಮಾದಿಂದ ತೆಗೆಯುವ ಕ್ರಯೋಪ್ರೆಸಿಪಿಟೇಟ್ ರಕ್ತ ಹೆಪ್ಪುಗಟ್ಟಿಸುವ ಅಂಶಗಳಿಗಾಗಿ. ಇವೆಲ್ಲಕ್ಕಿಂತ ಅಲ್ಪಾಯುಷಿ ಪ್ಲೇಟ್‌ಲೆಟ್. ಅದನ್ನು ರಕ್ತ ತೆಗೆದ ಆರು ಗಂಟೆಯೊಳಗೆ ಬೇರ್ಪಡಿಸಬೇಕು. 20ರಿಂದ 24 ಡಿಗ್ರಿಯಲ್ಲಿ ಎಡೆಬಿಡದೆ ಅಲುಗಾಡಿಸುತ್ತ ಇಡಬೇಕು. ಹಾಗಿಟ್ಟರೂ ಐದೇ ದಿನ. ಒಬ್ಬನೇ ದಾನಿಯಿಂದ ಯಂತ್ರದ ಮೂಲಕ ಪ್ಲೇಟ್‌ಲೆಟ್ ಮಾತ್ರ ಪಡೆದು ಉಳಿದುದನ್ನು ಮರಳಿಸುವ ವಿಧಾನವೂ ಇದೆ. ಆಗ ಸುಮಾರು ಆರು ಚೀಲಗಳಷ್ಟು ಒಮ್ಮೆಗೇ ದೊರೆಯುತ್ತದೆ; ದಾನಿ ಮಾತ್ರ ಯಂತ್ರವಿರುವಲ್ಲಿಗೇ ಹೋಗಬೇಕು.

ದೂರದೂರುಗಳ ಕಷ್ಟವನ್ನು ನಿಯಮ ಮಾಡಿದವರು ಗಮನಿಸಲಿಲ್ಲವೆಂದಲ್ಲ. ಸಣ್ಣ ಆಸ್ಪತ್ರೆಗಳು ಪೂರ್ಣ ಪರವಾನಗಿಯಿಲ್ಲದೆ, ಅನುಮೋದನೆ ಪಡೆದು ರಕ್ತ ಶೇಖರಣಾ ಘಟಕ ನಡೆಸಬಹುದೆಂದು 2001ರಲ್ಲಿ ವಿನಾಯಿತಿ ದೊರೆಯಿತು. ವರ್ಷಕ್ಕೆ 2,000 ಯೂನಿಟ್ ಮೀರದಂತೆ, ಪರವಾನಗಿಯುಳ್ಳ ಕೇಂದ್ರದಿಂದ ತಂದ ರಕ್ತವನ್ನು ಇವು ಇಟ್ಟುಕೊಳ್ಳಬಹುದು, ತಾವೇ ಸಂಗ್ರಹಿಸುವಂತಿಲ್ಲ. ಬಾಣಂತಿಯರ ಪಾಲಿಗೆ ಇದು ದೊಡ್ಡ ಉಪಕಾರ. ಆದರೆ ಶೇಖರಣಾ ಘಟಕದ ಮುಖ್ಯ ಸಾಧನ ತಂಪುಪೆಟ್ಟಿಗೆ. ಪ್ಲೇಟ್‌ಲೆಟ್ ಬಾಳದಿರುವುದು ತಂಪಿನಲ್ಲಿಯೇ. ತುರ್ತಿನಲ್ಲಿ ಎದುರಿಗಿರುವವನ ರಕ್ತ ತೆಗೆದು ನೇರವಾಗಿ ರೋಗಿಗೆ ಏರಿಸಲು ಕಾನೂನು ಒಪ್ಪುವುದಿಲ್ಲ. ಗಡಿ ಪ್ರದೇಶದ ಸೇನಾ ಆಸ್ಪತ್ರೆಗಳಿಗೆ ಆ ವಿನಾಯಿತಿ ಉಂಟು, ಮಲೆನಾಡಿಗಿಲ್ಲ. ಎಚ್‌ಐವಿ, ಎರಡು ಬಗೆಯ ಕಾಮಾಲೆ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳು ಕಡ್ಡಾಯವಾಗಿರುವಾಗ ಆ ವಿನಾಯಿತಿಯನ್ನು ಕೇಳುವುದೂ ಸುಲಭವಲ್ಲ. 1998ರ ಹಿಂದಿನ ಅನುಭವವನ್ನು ಮರೆತವರಷ್ಟೇ ಅದನ್ನು ಹಗುರವಾಗಿ ಕೇಳಬಲ್ಲರು.

ಹೀಗಾಗಿ ರೋಗಿಯೇ ಹೊರಡಬೇಕಾಗುತ್ತದೆ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್, ತೀರ್ಥಹಳ್ಳಿಯಿಂದ ಸುಮಾರು 60. ತೀವ್ರವಾಗಿ ನರಳುವವರನ್ನು ಆಗುಂಬೆ ಘಾಟಿಯನ್ನೋ ಹುಲಿಕಲ್ ಘಾಟಿಯನ್ನೋ ಇಳಿಸಿ ಮಣಿಪಾಲಕ್ಕೆ ಒಯ್ಯುವುದು ರೂಢಿಯಾಗಿದೆ. ಇವು ಪಟ್ಟಣಗಳ ನಡುವಣ ದೂರ; ಹಳ್ಳಿಯಿಂದ ಪಟ್ಟಣದ ದಾರಿ ಇದರಲ್ಲಿ ಸೇರಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ಸಾಗರ ತಾಲ್ಲೂಕಿನ ತುಮರಿ ಭಾಗದವರು ಶರಾವತಿಯ ಹಿನ್ನೀರಿನ ಆಚೆ ಉಳಿದರು. ಆರು ದಶಕ ಅವರು ಹೊಳೆಬಾಗಿಲಿನ ಲಾಂಚನ್ನೇ ನಂಬಿದ್ದರು. ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ನಾಡಿಗೆ ಬೆಳಕು ಕೊಡಲು ಮುಳುಗಡೆಯಾದವರಿಗೆ ರಾತ್ರಿಯ ರೋಗ ಇನ್ನೊಂದು ಮುಳುಗಡೆಯೇ ಆಗಿತ್ತು. ಆ ತ್ಯಾಗಕ್ಕೆ ಯಾವ ಕೊಡಗೆ ಸಂದಿತೆಂದು ಕೇಳಬಹುದಾಗಿದೆ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು.

ದಾರಿಯಷ್ಟೇ ಮುಖ್ಯವಾದುದು ಪಂಚಾಂಗ. ರಕ್ತದಾನ ಶಿಬಿರಗಳಿಗೆ ತಮ್ಮದೇ ಹಬ್ಬಗಳಿವೆ: ಜೂನ್ 14ರ ವಿಶ್ವ ರಕ್ತದಾನಿಗಳ ದಿನ, ಆಗಸ್ಟ್ 15, ಅಕ್ಟೋಬರ್ 1ರ ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ, ನಾಯಕರ ಹುಟ್ಟುಹಬ್ಬಗಳು. ಇವುಗಳಲ್ಲಿ ಹೆಚ್ಚಿನವು ಮಳೆಗಾಲಕ್ಕೆ ಇಲ್ಲವೆ ಅದರ ಅಂಚಿಗೆ ಬೀಳುತ್ತವೆ. ಅಕ್ಟೋಬರ್ ಒಂದರಂದು ಕೊಟ್ಟ ರಕ್ತದ ಪ್ಲೇಟ್‌ಲೆಟ್ ಆರನೆಯ ತಾರೀಖಿಗೆ ಮುಗಿದಿರುತ್ತದೆ. ಉಣುಗು ಏಳುವ ಡಿಸೆಂಬರ್, ಜನವರಿಗಳಲ್ಲಿ ಊರು ಅಡಿಕೆ ಕೊಯ್ಲಿನಲ್ಲಿ, ಸುಲಿಯುವ ಚಪ್ಪರದಲ್ಲಿ ಮುಳುಗಿರುತ್ತದೆ. ಮಾರ್ಚ್, ಏಪ್ರಿಲ್‌ಗಳಲ್ಲಿ ಕಾಲೇಜುಗಳ ಹುಡುಗರು ಪರೀಕ್ಷೆಗೆ ಕೂತಿರುತ್ತಾರೆ. 2020ರ ತಿದ್ದುಪಡಿಯ ಪ್ರಕಾರ ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ರಕ್ತ ಕೊಡಬಹುದು. 'ರಕ್ತನಿಧಿ' ಎಂಬ ಹೆಸರು 'ರಕ್ತಕೇಂದ್ರ' ಎಂದಾದದ್ದೂ ಅದೇ ತಿದ್ದುಪಡಿಯಲ್ಲಿ. ಅಕ್ಟೋಬರ್ ಒಂದರಂದು ಕೊಟ್ಟ ಗಂಡಸು ಮತ್ತೆ ಅರ್ಹನಾಗುವುದು ಡಿಸೆಂಬರ್ ಕೊನೆಗೆ, ಹೆಂಗಸು ಜನವರಿ ಕೊನೆಗೆ. ಕಾಡಂಚಿನ ಊರುಗಳಲ್ಲಿ ಮೊದಲ ಮಂಗ ಸತ್ತ ಸುದ್ದಿ ಆರೋಗ್ಯ ಇಲಾಖೆಗೆ ತಲುಪುವುದೂ ಬಹುಮಟ್ಟಿಗೆ ಆ ವೇಳೆಯಲ್ಲಿಯೇ.