ಕೋಣ ಇಲ್ಲದ ಓಟ

ಓಡುವುದನ್ನು ನಾನು ಕಲಿತದ್ದು ಕಂಬಳ ನೋಡಿ. ಅಂದರೆ, ತಪ್ಪಾಗಿ ಕಲಿತದ್ದು!

ನಮ್ಮದು ಬಂಟ್ವಾಳ ತಾಲೂಕಿನ ಸಿದ್ದಕಟ್ಟೆ ಕಡೆಯ ಹಳ್ಳಿ. ಚಿಕ್ಕಂದಿನಲ್ಲಿ ಅಜ್ಜನ ಕೈ ಹಿಡಿದುಕೊಂಡು ಕಂಬಳಕ್ಕೆ ಹೋಗುತ್ತಿದ್ದೆ. ರಾತ್ರಿಯಿಡೀ ಟ್ಯೂಬ್‌ಲೈಟಿನ ಬೆಳಕಲ್ಲಿ ಕೋಣಗಳ ಓಟ, ಮೈಕಿನಲ್ಲಿ ಯಜಮಾನರ ಹೆಸರು, ಕೈಯಲ್ಲಿ ಚರುಮುರಿ, ಬೆಳಗಿನ ಜಾವ ಅಜ್ಜನ ಶಾಲಿನೊಳಗೆ ನಿದ್ದೆ. ಮರುದಿನ ಶಾಲೆಯ ಮೈದಾನದಲ್ಲಿ ಇಬ್ಬರು ಹುಡುಗರು ಕೋಣಗಳಾಗುತ್ತಿದ್ದರು, ನಾನು ಹಿಂದಿನಿಂದ ಬೈಹಗ್ಗ ಹಿಡಿದು ಓಡಿಸುವವನು. ತಲೆ ಹಿಂದಕ್ಕೆ, ಎದೆ ಮೇಲಕ್ಕೆ, ಕಾಲು ಮುಂದಕ್ಕೆ. ಈ ಭಂಗಿ ಮೈಗೆ ಹತ್ತಿಬಿಟ್ಟಿತು. ಹೈಸ್ಕೂಲಿನಲ್ಲಿ ನೂರು ಮೀಟರಿಗೆ ನಿಂತಾಗಲೂ ಹಾಗೆಯೇ ಓಡಿದೆ. ಕೊನೆಯಿಂದ ಎರಡನೆಯವನಾದೆ. ಪಿ.ಟಿ. ಮಾಸ್ಟ್ರು ಎಲ್ಲರೆದುರು ಕೇಳಿದರು: "ಎಂತ ಮಾರಾಯ, ನಿನ್ನ ಮುಂದೆ ಕೋಣ ಉಂಟಾ?"

ಇಡೀ ಮೈದಾನ ನಕ್ಕಿತು. ನಾನು ಆಮೇಲೆ ಓಡಲಿಲ್ಲ. ಆದರೆ ಆ ಪ್ರಶ್ನೆ ಮಾತ್ರ ತಲೆಯೊಳಗೆ ಉಳಿದುಬಿಟ್ಟಿತು. 2020ರ ಫೆಬ್ರವರಿಯಲ್ಲಿ ಅದು ಮತ್ತೆ ಎದ್ದು ಕೂತಿತು.

ನಿಮಗೆಲ್ಲ ನೆನಪಿರಬಹುದು. ಆ ವರ್ಷ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. (ಘಟ್ಟದ ಮೇಲಿನ ಗೆಳೆಯರಿಗಾಗಿ: ಕೋಣಗಳು ಓಡುವ ಕೆಸರಿನ ಹಾದಿಯೇ ಕರೆ. ಪಕ್ಕಪಕ್ಕದಲ್ಲಿ ಎರಡಿದ್ದರೆ ಜೋಡುಕರೆ.) ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಅಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಓಡಿದ್ದು 9.58. ಅಷ್ಟು ಸಾಕಾಯಿತು! ದೇಶದ ಟೀವಿಗಳೆಲ್ಲ ಅಶ್ವತ್ಥಪುರದ ದಾರಿ ಕೇಳತೊಡಗಿದವು. ಕೇಂದ್ರದ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಅವರು ಕ್ರೀಡಾ ಪ್ರಾಧಿಕಾರದಲ್ಲಿ ಟ್ರಯಲ್ಸ್ ಮಾಡಿಸುತ್ತೇವೆ ಅಂದರು. ಈ ಗದ್ದಲ ನಡೆಯುತ್ತಿರುವಾಗಲೇ, ಫೆಬ್ರವರಿ 16ರಂದು ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡಿಗೆ ಮುಗಿಸಿ ಲೆಕ್ಕವನ್ನು 9.51ಕ್ಕೆ ಇಳಿಸಿಬಿಟ್ಟರು. ಎರಡು ವಾರದಲ್ಲಿ ಇಬ್ಬರು ಬೋಲ್ಟ್!

ನಾನೂ ಆ ವಾರ ಎದೆಯುಬ್ಬಿಸಿಕೊಂಡು ಓಡಾಡಿದವನೇ, ಸುಳ್ಳೇಕೆ ಹೇಳಲಿ. ಆಮೇಲೆ ಎರಡು ಗುಂಪುಗಳಾದವು. ಒಂದು ಗುಂಪು ಒಲಿಂಪಿಕ್ ಚಿನ್ನ ಬಂದೇ ಬಿಟ್ಟಿತು ಅಂತ ಕುಣಿಯಿತು. ಇನ್ನೊಂದು ಗುಂಪು "ಕೋಣ ಎಳೆದರೆ ಯಾರು ಬೇಕಾದರೂ ಓಡ್ತಾರೆ" ಅಂತ ಮೂಗು ಮುರಿಯಿತು. ಯಾರು ಬೇಕಾದರೂ ಅಂತೆ... ಒಮ್ಮೆ ಹಗ್ಗ ಹಿಡಿದು ನೋಡಲಿ.

ಮೊದಲು ಲೆಕ್ಕವನ್ನೇ ನೋಡೋಣ. ಉದ್ದದ ಓಟವನ್ನು ನೂರಕ್ಕೆ ಇಳಿಸಿದ್ದೇ ಮೋಸ ಅಂತ ಬಹಳ ಜನ ಬರೆದರು. 2009ರ ಮೇ ತಿಂಗಳಲ್ಲಿ ಬೋಲ್ಟ್ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಕಿದ್ದ ನೇರ ಟ್ರ್ಯಾಕಿನ ಮೇಲೆ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದ. ನಮ್ಮ ಕಂಬಳದ ಲೆಕ್ಕವನ್ನೇ ಅದಕ್ಕೂ ಹಾಕಿದರೆ ನೂರಕ್ಕೆ 9.57 ಬರುತ್ತದೆ. ಹಾಗಾದರೆ ಗುಣಾಕಾರ ಭಾಗಾಕಾರದಲ್ಲಿ ಅಂಥ ದೊಡ್ಡ ಮೋಸವೇನೂ ಇಲ್ಲ. ವ್ಯತ್ಯಾಸ ಇರುವುದು ಓಟದ ಒಳಗೆ, ಓಡುವ ಮೈಯಲ್ಲಿ.

ಆ ಮೈ ಹೇಗೆ ಬದಲಾಯಿತು ಅನ್ನುವುದೇ ಒಂದು ಸ್ವಾರಸ್ಯದ ಕತೆ. ಹತ್ತೊಂಬತ್ತನೇ ಶತಮಾನದಲ್ಲಿ ವೇಗದ ಓಟಗಾರರು ನಿಂತುಕೊಂಡೇ ಓಟ ಶುರು ಮಾಡುತ್ತಿದ್ದರು. 1888ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಶೆರಿಲ್ ನೆಲಕ್ಕೆ ಕೈಯೂರಿ ಬಗ್ಗಿ ಹೊರಟ. 1896ರಲ್ಲಿ ಅಥೆನ್ಸಿನ ಮೊದಲ ಆಧುನಿಕ ಒಲಿಂಪಿಕ್ಸಿನಲ್ಲಿ ಟಾಮ್ ಬರ್ಕ್ ಹಾಗೆಯೇ ಬಗ್ಗಿ ಹೊರಟು 12 ಸೆಕೆಂಡಿಗೆ ನೂರು ಮೀಟರ್ ಗೆದ್ದ. ಪಕ್ಕದವರು ಒಬ್ಬೊಬ್ಬರು ಒಂದೊಂದು ರೀತಿ ನಿಂತಿರುವ ಆ ಕಾಲದ ಫೋಟೋ ಈಗ ನೋಡಿದರೆ ನಗು ಬರುತ್ತದೆ. 1936ರಲ್ಲಿ ಜೆಸ್ಸಿ ಓವೆನ್ಸ್ ಕೂಡ ಪುಟ್ಟ ಸಲಿಕೆಯಿಂದ ಟ್ರ್ಯಾಕಿನಲ್ಲಿ ಗುಂಡಿ ತೋಡಿ ಕಾಲು ಊರಿದವನೇ. ಒಲಿಂಪಿಕ್ಸಿಗೆ ಸ್ಟಾರ್ಟಿಂಗ್ ಬ್ಲಾಕ್ ಬಂದದ್ದು 1948ರ ಲಂಡನ್ನಿನಲ್ಲಿ. ಹೀಗೆ ಅರ್ಧ ಶತಮಾನ ಪೂರ್ತಿ ಹೋದದ್ದು ಒಂದೇ ವಿಷಯಕ್ಕೆ: ನಿಂತ ಮೈಯನ್ನು ಮುಂದಕ್ಕೆ ತಳ್ಳುವುದು ಹೇಗೆ?

ಕಾಲನ್ನು ಬೇಗ ಬೇಗ ಆಡಿಸಿದರೆ ವೇಗ ಬರುತ್ತದೆ ಅಂತ ನಾನು ತಿಳಿದಿದ್ದೆ. ನೀವೂ ತಿಳಿದಿರಬಹುದು. 2000ದಲ್ಲಿ ಪೀಟರ್ ವೇಯಾಂಡ್ ಮತ್ತು ಸಂಗಡಿಗರು ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ ಅಳೆದು ನೋಡಿದಾಗ ಬೇರೆಯೇ ಕಂಡಿತು. ಕಾಲು ಗಾಳಿಯಲ್ಲಿ ಹಿಂದಿನಿಂದ ಮುಂದಕ್ಕೆ ಬರಲು ಹಿಡಿಯುವ ಹೊತ್ತು ವೇಗದವನಿಗೂ ನಿಧಾನದವನಿಗೂ ಹೆಚ್ಚು ಕಡಿಮೆ ಅಷ್ಟೇ. ವೇಗದವನು ನೆಲವನ್ನು ಹೆಚ್ಚು ಬಲವಾಗಿ ಒತ್ತುತ್ತಾನೆ, ಅದನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ. ಹೆಜ್ಜೆ ದೇಹದ ಕೆಳಗೇ ಬೀಳಬೇಕು. ಮುಂದೆ ಚಾಚಿ ಹಿಮ್ಮಡಿ ಊರಿದರೆ ಅದು ಬ್ರೇಕ್. ಪಾಪ, ನಮ್ಮ ಮಾಸ್ಟ್ರು ಹೇಳಹೊರಟದ್ದು ಇದನ್ನೇ. ಹೇಳುವ ರೀತಿ ಗೊತ್ತಿರಲಿಲ್ಲ, ಅಷ್ಟೆ.

ಈಗ ಕರೆಗೆ ಬನ್ನಿ. ಹಲಗೆಯ ಓಟಗಳಲ್ಲಿ ಮನುಷ್ಯ ಓಡುವುದಿಲ್ಲ, ಹಲಗೆಯ ಮೇಲೆ ನಿಂತಿರುತ್ತಾನೆ. ಕನೆಹಲಗೆಯಲ್ಲಂತೂ ನೀರು ಎಷ್ಟೆತ್ತರ ಚಿಮ್ಮಿ ನಿಶಾನೆಗೆ ತಾಗಿತು ಅನ್ನುವುದೇ ಮುಖ್ಯ. ಓಡಬೇಕಾದ್ದು ಹಗ್ಗ ಮತ್ತು ನೇಗಿಲಿನ ವಿಭಾಗಗಳಲ್ಲಿ. ಈ ನೇಗಿಲು ಉಳುವ ನೇಗಿಲಲ್ಲ, ನೊಗಕ್ಕೆ ಕಟ್ಟಿದ ಹಗುರವಾದ ಮರ. ಒಂದು ಕೈಯಲ್ಲಿ ಅದರ ಹಿಡಿ ಅಥವಾ ಹಗ್ಗ, ಇನ್ನೊಂದು ಕೈಯಲ್ಲಿ ಬೆತ್ತ. ಬರಿಗಾಲು. ಕೆಳಗೆ ನೀರು, ಕೆಸರು, ಮರಳು. ಎರಡು ಕೋಣಗಳು ಕೈಯನ್ನು ಮುಂದಕ್ಕೆ ಎಳೆಯುತ್ತಿರುವಾಗ ಟ್ರ್ಯಾಕಿನ ಹುಡುಗರ ಹಾಗೆ ಮುಂದಕ್ಕೆ ವಾಲಿದರೆ ಏನಾಗುತ್ತದೆ? ಮುಖ ಕೆಸರಿಗೆ. ಅದಕ್ಕೇ ಹಿಂದಕ್ಕೆ ವಾಲಬೇಕು. ವಾಲಿದರೆ ಹೆಜ್ಜೆ ದೇಹದ ಮುಂದೆ ಬೀಳುತ್ತದೆ. ಅಂದರೆ ಬ್ರೇಕ್! ಟ್ರ್ಯಾಕಿನಲ್ಲಿ ತಪ್ಪು ಅನ್ನಿಸಿಕೊಳ್ಳುವುದು ಇಲ್ಲಿ ಬದುಕುವ ದಾರಿ.

ಆದರೆ ಆ ಬ್ರೇಕಿನ ಖರ್ಚು ಕೊಡುವವರು ಯಾರು? ಕೋಣಗಳು. ಓಟಗಾರ ಹೆಚ್ಚು ಜೋತುಬಿದ್ದರೆ ಕೋಣಗಳ ವೇಗ ಕುಸಿಯುತ್ತದೆ. ಹಗ್ಗ ಸಡಿಲ ಬಿಟ್ಟರೆ ಜೋಡಿ ಕೈತಪ್ಪುತ್ತದೆ. ತನ್ನ ಭಾರ ಕೋಣಗಳಿಗೆ ತಿಳಿಯದ ಹಾಗೆ ಓಡುವವನೇ ಒಳ್ಳೆಯ ಓಟಗಾರ ಅಂತ ಅಜ್ಜ ಹೇಳುತ್ತಿದ್ದರು. ಆಗ ಅದು ಹಳಬರ ಮಾತು ಅನ್ನಿಸಿತ್ತು. ಈಗ ಅದರಲ್ಲಿ ಭೌತಶಾಸ್ತ್ರದ ಒಂದು ಪಾಠವೇ ಕಾಣುತ್ತದೆ ನನಗೆ.

ಅಂದ ಹಾಗೆ, ಎಳೆಸಿಕೊಂಡು ಓಡುವುದು ಹೊರಗಿನವರಿಗೂ ಹೊಸತಲ್ಲ. ವೇಗದ ಓಟಗಾರರ ಸೊಂಟಕ್ಕೆ ರಬ್ಬರಿನ ಹಗ್ಗ ಕಟ್ಟಿ ಮುಂದಿನಿಂದ ಎಳೆಸುವ ತರಬೇತಿ ಇದೆ. ಅವರು ಅದನ್ನು ಹೆದರಿಕೊಂಡೇ ಮಾಡುತ್ತಾರೆ. ತನ್ನ ವೇಗಕ್ಕಿಂತ ತೀರಾ ಹೆಚ್ಚು ಎಳೆದರೆ ಓಟಗಾರ ಹಿಂದಕ್ಕೆ ವಾಲಿ, ಹೆಜ್ಜೆ ಮುಂದೆ ಚಾಚಿ, ಭಂಗಿ ಕೆಡಿಸಿಕೊಳ್ಳುತ್ತಾನೆ ಅಂತ. ಅವರು ಹೆದರುವ ಜಾಗದಿಂದಲೇ ನಮ್ಮವರ ಓಟ ಶುರುವಾಗುತ್ತದೆ!

ಗೌಡರು ಟ್ರಯಲ್ಸಿಗೆ ಹೋಗಲಿಲ್ಲ. ಕಾಲಿಗೆ ಗಾಯವಾಗಿದೆ, ಕಂಬಳದ ಸೀಸನ್ನು ಮುಗಿದಿಲ್ಲ ಅಂದರು. ವೇಗದಲ್ಲಿ ಕೋಣಗಳದ್ದೂ ಪಾಲಿದೆ ಅಂತ ಮೊದಲು ಹೇಳಿದವರೂ ಅವರೇ. ನಮ್ಮ ಕಡೆಯವರೇ ಕೆಲವರು "ಹೆದರಿದ" ಅಂದರು. ನನಗೆ ಸಿಟ್ಟು ಬಂದಿತ್ತು. ಕಟ್ಟಡದ ಕೆಲಸ ಮಾಡುತ್ತ, ಸೀಸನ್ನಿನಲ್ಲಿ ಕೆಸರಿಗಿಳಿಯುವ 28ರ ಯುವಕ. 2011ರಲ್ಲಿ ಗುಣಪಾಲ ಕಡಂಬರ ಕಂಬಳ ಅಕಾಡೆಮಿಯಲ್ಲಿ ತರಬೇತಿ ಪಡೆದವರು. ಅಂದರೆ ಒಂಬತ್ತು ವರ್ಷ ತಿದ್ದಿದ ಮೈ ಅದು. ಅದನ್ನು ಒಂದು ವಾರದಲ್ಲಿ ಬಿಚ್ಚಿ, ಸ್ಪೈಕ್ಸ್ ಹಾಕಿ, ಬ್ಲಾಕಿನಲ್ಲಿ ಕೂರಿಸಿ, ಕೈಗೆ ಏನೂ ಕೊಡದೆ ಓಡು ಅಂದರೆ? ಬಂದ ಟೈಮನ್ನು ಇಡೀ ದೇಶ ನೋಡಿ ನಗುತ್ತಿತ್ತು. ಆಗ ನೂರು ಮೀಟರಿನ ನಮ್ಮ ರಾಷ್ಟ್ರೀಯ ದಾಖಲೆಯೇ ಅಮಿಯ ಮಲ್ಲಿಕ್ ಅವರ 10.26.

ಈ ನಗುವಿನ ಬಗ್ಗೆ ಇಷ್ಟು ಖಚಿತವಾಗಿ ಹೇಳಲು ಕಾರಣ ಇದೆ.

ನನ್ನ ಅಕ್ಕನನ್ನು ಕೊಟ್ಟದ್ದು ವೇಣೂರು ಕಡೆಗೆ. ಅವಳ ಮಗ ಆಗ ಮೂಡುಬಿದಿರೆಯಲ್ಲಿ ಪಿಯುಸಿ. ಊರಿನ ಒಂದು ಮನೆಯ ಕೋಣಗಳನ್ನು ಅಭ್ಯಾಸದ ಗದ್ದೆಯಲ್ಲಿ ಓಡಿಸುತ್ತಿದ್ದ, ಚೆನ್ನಾಗಿಯೇ. ಮೂಡುಬಿದಿರೆ ನಿಮಗೆ ಗೊತ್ತಲ್ಲ, ವಿಚಿತ್ರ ಊರು. ಕಡಲಕೆರೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ, ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್. ಐಕಳದ ಓಟಕ್ಕೆ ಒಂದು ತಿಂಗಳ ಮುಂಚೆ, 2020ರ ಜನವರಿಯಲ್ಲಿ, ಅಖಿಲ ಭಾರತ ಅಂತರ್‌ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನಡೆದದ್ದು ಅದೇ ಟ್ರ್ಯಾಕಿನಲ್ಲಿ. ಒಂದೇ ಊರು, ಓಟ ಎರಡು.

ಬೋಲ್ಟ್ ಗದ್ದಲದ ವಾರ ನಾನು ರಜೆಯಲ್ಲಿದ್ದೆ. "ನೀನೂ ಓಡು ನೋಡುವ" ಅಂತ ಅವನನ್ನು ಊರ ಮೈದಾನಕ್ಕೆ ಕರೆದುಕೊಂಡು ಹೋದವನು ನಾನೇ. ಹುಡುಗರು ಸೇರಿದರು. ಮೊಬೈಲಿನಲ್ಲಿ ಟೈಮ್ ಹಿಡಿದೆವು. ಓಡಿದ. ತಲೆ ಹಿಂದಕ್ಕೆ, ಎದೆ ಮೇಲಕ್ಕೆ... ಕೈಗಳೋ? ಕೈಗಳು ಆಡಲೇ ಇಲ್ಲ! ಒಂದು ಕೈ ಇಲ್ಲದ ನೇಗಿಲನ್ನು ಹಿಡಿದ ಹಾಗೆ ಮುಂದೆ, ಇನ್ನೊಂದು ಇಲ್ಲದ ಬೆತ್ತವನ್ನು ಹಿಡಿದ ಹಾಗೆ ಪಕ್ಕದಲ್ಲಿ. ಹದಿನಾಲ್ಕು ಸೆಕೆಂಡು ದಾಟಿತು. ಕ್ರಿಕೆಟ್ ಆಡುವ ಒಬ್ಬ ಹುಡುಗ ಚಪ್ಪಲಿ ಬಿಟ್ಟು ಓಡಿ ಇವನಿಗಿಂತ ಮುಂಚೆ ಮುಗಿಸಿದ. ಎಲ್ಲರೂ ನಕ್ಕರು. ನನ್ನ ಬಾಯಿಯ ತುದಿಗೂ ಅದೇ ಮಾತು ಬಂದಿತ್ತು ಮಾರಾಯ್ರೆ, ಮಾಸ್ಟ್ರು ಹೇಳಿದ್ದೇ ಮಾತು. ಹೇಗೋ ನುಂಗಿಕೊಂಡೆ. ಅವನು ನನ್ನ ಮುಖ ನೋಡಿದ. ನುಂಗಿದ್ದು ಅವನಿಗೆ ಗೊತ್ತಾಯಿತು ಅಂತ ಕಾಣುತ್ತದೆ. ಅವತ್ತು ಊಟಕ್ಕೆ ಕೂರಲಿಲ್ಲ. ಆ ಸೀಸನ್ನಿನಲ್ಲಿ ಮತ್ತೆ ಗದ್ದೆಗೂ ಇಳಿಯಲಿಲ್ಲ. ಅಕ್ಕ ನನಗೆ ಫೋನಿನಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಕಾಲೇಜಿಲ್ಲ, ಕಂಬಳವಿಲ್ಲ. ಪಕ್ಕದ ಮನೆಯಲ್ಲಿ ಕಾಲೇಜಿನ ರಿಲೇ ತಂಡದಲ್ಲಿ ಓಡುವ ಹುಡುಗನೊಬ್ಬ ಹಾಸ್ಟೆಲಿನಿಂದ ವಾಪಸು ಬಂದಿದ್ದ. ಅವನೇ ಇವನನ್ನು ತಿದ್ದಿದ್ದು. ಮೊದಲ ವಾರ ಓಟವೇ ಇಲ್ಲವಂತೆ. ಜಗಲಿಯಲ್ಲಿ ಕಾಲು ಚಾಚಿ ಕೂತು ಬರೀ ಕೈ ಆಡಿಸುವುದು, ಮೊಣಕೈ ಹಿಂದಕ್ಕೆ ಹೊಡೆಯುವುದು. ಆಮೇಲೆ ಒಂದೇ ಜಾಗದಲ್ಲಿ ಮೊಣಕಾಲೆತ್ತಿ ಹೆಜ್ಜೆ ಹಾಕುವುದು. ಗೋಡೆಗೆ ಎರಡೂ ಕೈ ಕೊಟ್ಟು, ಹಿಮ್ಮಡಿಯಿಂದ ತಲೆಯವರೆಗೆ ಮೈಯನ್ನು ಒಂದೇ ಗೆರೆಯಲ್ಲಿ ವಾಲಿಸಿ ಕಾಲು ಬದಲಿಸುವುದು. ಕೊನೆಗೆ ಅಡಿಕೆ ಒಣಗಿಸುವ ಅಂಗಳದಲ್ಲಿ ಇಪ್ಪತ್ತು ಇಪ್ಪತ್ತು ಹೆಜ್ಜೆಯ ಓಟ. ಹೆಜ್ಜೆ ಉದ್ದ ಮಾಡಬೇಡ, ನೆಲವನ್ನು ಹಿಂದಕ್ಕೆ ದೂಡು ಅಂತ ಅವನು ಹೇಳಿಕೊಟ್ಟನಂತೆ. ಮಳೆಗಾಲ ಶುರುವಾಗುವ ಹೊತ್ತಿಗೆ ನೂರು ಮೀಟರು ಹದಿಮೂರರ ಒಳಗೆ ಬಂತು. ಕಾಲಿನ ಬಲ ಮೊದಲೇ ಇತ್ತು. ಕೈ ಮತ್ತು ಬೆನ್ನು ಮಾತ್ರ ಕೋಣಗಳ ಹಿಂದೆ ಉಳಿದುಬಿಟ್ಟಿದ್ದವು.

ಕೋವಿಡ್ಡಿನಿಂದಾಗಿ ಮುಂದಿನ ಸೀಸನ್ನು ತಡವಾಗಿ ಶುರುವಾಯಿತು. 2021ರ ಮಾರ್ಚ್ ಹೊತ್ತಿಗೆ ಗೌಡರ ಓಟದ ನೂರು ಮೀಟರಿನ ಲೆಕ್ಕ ಒಂಬತ್ತು ಸೆಕೆಂಡಿಗಿಂತಲೂ ಕೆಳಗಿಳಿದಿತ್ತು. ಈ ಸಲ ಬೋಲ್ಟ್ ಹೆಸರೆತ್ತಿದವರು ಕಡಿಮೆ. ಒಳ್ಳೆಯದೇ ಆಯಿತು. ಕಂಬಳ ಉಳಿಯುತ್ತದೋ ಇಲ್ಲವೋ ಅನ್ನುವ ದೊಡ್ಡ ಪ್ರಶ್ನೆ ಆಗಿನ್ನೂ ಸುಪ್ರೀಂ ಕೋರ್ಟಿನಲ್ಲಿತ್ತು. 2017ರ ನಮ್ಮ ರಾಜ್ಯದ ತಿದ್ದುಪಡಿ ಸರಿ ಅಂತ ಸಂವಿಧಾನ ಪೀಠ ಹೇಳಿದ್ದು 2023ರ ಮೇ 18ರಂದು.

ಆ ಮಾರ್ಚಿನಲ್ಲೇ ಅಕ್ಕನ ಮಗನೂ ಒಂದು ವರ್ಷದ ಮೇಲೆ ಅಭ್ಯಾಸದ ಗದ್ದೆಗೆ ಇಳಿದ. ಸಂಜೆ ಫೋನು ಮಾಡಿದ.

"ಮಾವ, ಬಿದ್ದೆ."

"ಎಂತ ಆಯ್ತಾ?"

"ಎಂತ ಇಲ್ಲ. ನಡು ಗದ್ದೆಯಲ್ಲಿ ಗೊತ್ತಿಲ್ಲದೆ ಮುಂದಕ್ಕೆ ವಾಲಿದೆ. ಕೈ ಬೇರೆ ಆಡಿಸಲಿಕ್ಕೆ ಹೋದೆ, ನೇಗಿಲು ಬಿಟ್ಟೇ ಹೋಯ್ತು."

ಮೂಗಿನೊಳಗೆಲ್ಲ ಕೆಸರಂತೆ. ಕೋಣಗಳು ಇವನನ್ನು ಬಿಟ್ಟು ತಾವೇ ಕೊನೆಯವರೆಗೆ ಓಡಿ ನಿಂತಿದ್ದವಂತೆ. ಗದ್ದೆಯ ಬದುವಿನಲ್ಲಿ ನಿಂತಿದ್ದ ಯಜಮಾನರು ಮೊದಲು ಹೋಗಿ ಕೋಣಗಳ ಕಾಲು ನೋಡಿ, ಆಮೇಲೆ ಇವನ ಹತ್ತಿರ ಬಂದು, ಮುಂದಿನ ಆದಿತ್ಯವಾರ ಬೇಗ ಬಾ ಅಂದರಂತೆ.