ಬೀಸುಕಲ್ಲಿನ ಮುಂದೆ ಕೂತ ಈಮಾನು

ನಮ್ಮ ಸತ್ತಿಯಿಂದ ಅಥಣಿ ದಾಟಿ ಮೂಡಣಕ್ಕೆ ಹೋದರೆ ಬಿಜಾಪುರ. ಈಗಿನ ಹೆಸರು ವಿಜಯಪುರ. ಸಾಲೀ ಪುಸ್ತಕದಾಗ ಅದರ ಇತಿಹಾಸ ಅಂದರೆ ಗುಮ್ಮಟದ ಇತಿಹಾಸ. 1490ರಿಂದ 1686ರವರೆಗೆ ಆದಿಲಶಾಹಿ. 1656ರಲ್ಲಿ ಮುಗಿದ ಗೋಳಗುಮ್ಮಟ. ಅದರೊಳಗೆ ಮಲಗಿದ ಸುಲ್ತಾನ. ಕಲ್ಲು ಹೊತ್ತವರ ಹೆಸರಿಲ್ಲ. ಹೊತ್ತವರಿಗೆ ರೊಟ್ಟಿ ಬಡಿದು ಕೊಟ್ಟ ಹೆಂಗಸರದಂತೂ ಸುದ್ದಿಯೇ ಇಲ್ಲ.

ಸುಲ್ತಾನರು ಹೋಗಿ ಮುನ್ನೂರು ವರ್ಷದ ಮೇಲಾಯಿತು. ಅವರ ಮಸೀದಿ, ಮಹಲು ಹಾಳುಬಿದ್ದರೂ ಹಳ್ಳಿಯ ಬಡ ಮುಸಲ್ಮಾನನ ನಂಬಿಕೆ ಹಾಳಾಗಲಿಲ್ಲ. ಇದನ್ನು ಕಾಯ್ದವರು ಯಾರು? ನನ್ನ ಉತ್ತರ ನಮ್ಮನಿ ಮೂಲ್ಯಾಗ ಬಿದ್ದಿರೋ ಬೀಸುಕಲ್ಲು.

ನಾವು ನದಾಫರು. ಊರವರ ಬಾಯಾಗ ಪಿಂಜಾರರು. ಹತ್ತಿ ಹಿಂಜಿ ಗಾದಿ ತುಂಬಿದ ಕುಲ. ನಮ್ಮನ್ಯಾಗ ಕಾಲೇಜು ಮೆಟ್ಟಿಲು ಹತ್ತಿದವ ನಾನೇ ಮೊದಲಿಗ. ನಮ್ಮಾಯಿಗೆ ಅರಬ್ಬಿ ಓದಾಕ ಬರತಿರಲಿಲ್ಲ, ಉರ್ದು ಅಷ್ಟಕ್ಕಷ್ಟೆ. ನಸುಕಿನ್ಯಾಗ ಎದ್ದು ಕಲ್ಲಿಗೆ ಹಿಡಿ ಜ್ವಾಳ ಹಾಕುವಾಗೆಲ್ಲ 'ಬಿಸ್ಮಿಲ್ಲಾ' ಅಂತಿದ್ದಳು. ಗಿರಣಿ ಬಂದ ಮ್ಯಾಲೆ ಕಲ್ಲು ನಿಂತಿತು, ಬಾಯಿ ನಿಲ್ಲಲಿಲ್ಲ. ನಮ್ಮಪ್ಪ ಅಲ್ಲಾನ ಹೆಸರು ಕಲಿತದ್ದು ಆಕೆಯ ತೊಡೆಯ ಮೇಲೆ, ಮದರಸಾದಲ್ಲಿ ಅಲ್ಲ.

ಇದು ನಮ್ಮೊಂದು ಮನೆಯ ಕತೆಯಲ್ಲ, ಗೆಳೆಯರೇ. ಬಿಜಾಪುರದ ಹೊರಗೆ ಶಾಹಪುರ ದಿಬ್ಬದಲ್ಲಿ ಮೀರಾಂಜಿ ಶಮ್ಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ ಎಂಬ ಸೂಫಿಗಳಿದ್ದರು. ದರಬಾರಿನ ಪಾರಸಿ ಬಿಟ್ಟು ಜನರ ದಖನಿಯಲ್ಲಿ ಬರೆದರು. ಇಂಥ ಸೂಫಿಗಳ ಪರಂಪರೆಯಿಂದ ಹುಟ್ಟಿದ ಪದಗಳೇ ಬೀಸುವಾಗಿನ ಚಕ್ಕಿನಾಮಾ, ನೂಲುವಾಗಿನ ಚರಖಾನಾಮಾ, ತೊಟ್ಟಿಲು ತೂಗುವಾಗಿನ ಲೋರಿನಾಮಾ. ಚಕ್ಕಿನಾಮಾದಲ್ಲಿ ಬೀಸುಕಲ್ಲಿನ ಗೂಟ ಅಲ್ಲಾನ ಮೊದಲ ಅಕ್ಷರ ಅಲಿಫ್ ಆಗುತ್ತದೆ. ಚರಖಾದ ಒಂದೊಂದು ಸುತ್ತು ದೇವರ ಒಂದೊಂದು ನೆನಪಾಗುತ್ತದೆ. ರಿಚರ್ಡ್ ಈಟನ್ ಎಂಬ ಇತಿಹಾಸಕಾರ 1978ರಲ್ಲಿ ಬಿಜಾಪುರದ ಸೂಫಿಗಳ ಮೇಲೆ ಪುಸ್ತಕ ಬರೆದು ಇದನ್ನೇ ತೋರಿಸಿದ: ದಖ್ಖನ್ನಿನ ಹಳ್ಳಿಮನೆಗಳಿಗೆ ಇಸ್ಲಾಮು ಹಬ್ಬಿದ್ದರಲ್ಲಿ ಈ ಹೆಂಗಸರ ಪದಗಳ ಪಾಲು ದೊಡ್ಡದು. ತಾಯಿ ಹಾಡಿದಳು, ಕೂಸು ಕೇಳಿತು. ಕತ್ತಿ ಮಾಡದ ಕೆಲಸವನ್ನು ಕಲ್ಲು ಮಾಡಿತು.

ಈ ನೆಲಕ್ಕೆ ಇದು ಹೊಸದೇ? ಹನ್ನೆರಡನೆಯ ಶತಮಾನದಲ್ಲಿ ಕದಿರ ರೆಮ್ಮವ್ವೆ ರಾಟೆಯನ್ನೇ ಹಿಡಿದು ವಚನ ಕಟ್ಟಿದಳು. 1931ರಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ಹೊರತಂದರು. ಆ ಬಳಗದಲ್ಲಿ ಧೂಲಾಸಾಹೇಬರೂ ಇದ್ದರು. ದೇವರ ಹೆಸರು ಬೇರೆ, ಕೈಯ ಗುಳ್ಳೆ ಒಂದೇ.

ಆದರೆ ಒಂದು ಮಾತು ಮುಚ್ಚಿಡಬಾರದು. ಈ ದಖನಿ ಪದಗಳ ದನಿ ಹೆಂಗಸಿನದು, ಅಂಕಿತ ಗಂಡಸಿನದು. ಬೀಸಿದವಳ ಹೆಸರು ಹಿಟ್ಟಿನಾಗ ಹೋಯಿತು.

ಇನ್ನು ಹಯಾದ ಮಾತು. ಹಯಾ ಅಂದರೆ ನಾಚಿಕೆ, ಮರ್ಯಾದಿ. ಹಯಾ ಈಮಾನಿನ ಭಾಗವೆಂದು ಹದೀಸು ಹೇಳುತ್ತದೆ. ಆ ಹದೀಸು ಹುಟ್ಟಿದ್ದು ಯಾವ ಸಂದರ್ಭದಲ್ಲಿ? ಒಬ್ಬ ಗಂಡಸು ತನ್ನ ತಮ್ಮನಿಗೆ 'ನಿನಗೆ ನಾಚಿಕೆ ಹೆಚ್ಚಾತು' ಎಂದು ಬಯ್ಯುತ್ತಿದ್ದಾಗ, ಅವನನ್ನು ಬಿಡು ಅಂದವರು ಪ್ರವಾದಿ. ಕುರಾನಿನ ಸೂರೆ ನೂರ್ ಕಣ್ಣು ತಗ್ಗಿಸಿರೆಂದು 30ನೇ ಆಯತಿನಲ್ಲಿ ಗಂಡಸರಿಗೆ ಹೇಳಿ, ಆಮೇಲೆ 31ರಲ್ಲಿ ಹೆಂಗಸರಿಗೆ ಹೇಳುತ್ತದೆ. ಮೊದಲ ಪಾಠ ನಮಗೆ, ಗಂಡಸರಿಗೆ. ಅದನ್ನು ಹಾರಿಸಿ ಎರಡನೇ ಪಾಠವನ್ನಷ್ಟೇ ಓದಿಸುವ ಉಸಾಬರಿ ನಮಗ್ಯಾಕೆ?

ದುಡಿಯುವ ಹೆಣ್ಣಿನ ಹಯಾ ಬೇರೆ ತೆರನಾದದ್ದು. ಪರದೆಯ ಹಿಂದೆ ಕೂಡಬೇಕಾದರೆ ಕೂತು ಉಣ್ಣುವಷ್ಟು ಕಾಳು ಮನೆಯಲ್ಲಿರಬೇಕು. ಹತ್ತಿ ಬಿಡಿಸುವಾಗ ನಮ್ಮಾಯಿಗೆ ಸೀರೆಯ ಸೆರಗೇ ಪರದೆ. ಹೊಲಗೇರಿಯ ಗೆಳತಿಯ ತಲೆ ಮೇಲೂ ಅದೇ ಸೆರಗು. ಹಸಿದವರ ಮುಂದೆ ಉಣಬಾರದು, ಕೊಟ್ಟದ್ದನ್ನು ಆಡಿ ತೋರಿಸಬಾರದು, ಇದು ಆಕೆ ಕಲಿಸಿದ ಹಯಾ. ಪ್ರವಾದಿಯ ಮಗಳು ಬೀಬಿ ಫಾತಿಮಾಳ ಕೈಯಲ್ಲೂ ಬೀಸಿ ಬೀಸಿ ಗುಳ್ಳೆ ಎದ್ದಿದ್ದವು ಎಂಬ ಕತೆಯನ್ನು ಆಕೆ ಹೆಮ್ಮೆಯಿಂದ ಹೇಳುತ್ತಿದ್ದಳು. ಹಾಗೆಂದು ಆ ಗುಳ್ಳೆಯನ್ನು ನಾವು ಪೂಜೆಗಿಡುವುದು ಬೇಡ. ಅದು ನೋವೇ.

2022ರ ಫೆಬ್ರವರಿ 5ರ ಸರಕಾರಿ ಆದೇಶದ ನಂತರ ತಲೆವಸ್ತ್ರದ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ನಿಂತರು. ಮಾರ್ಚ್ 15ಕ್ಕೆ ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಒಬ್ಬರು ತಗಿ ಅಂದರು, ಇನ್ನೊಬ್ಬರು ಹಾಕ್ಕೋ ಅಂದರು. 'ಏನು ಓದತಿ ಮಗಳ' ಅಂತ ಕೇಳಿದವರು ಎಷ್ಟು ಮಂದಿ? ತಲೆಯ ಮೇಲಿನ ಬಟ್ಟೆಗೆ ನಡೆದ ಜಗಳದಲ್ಲಿ ತಲೆಯೊಳಗಿನ ಅಕ್ಷರ ಹಾಳಾಯಿತು. ನಮ್ಮ ಮನೆತನಕ್ಕೆ ಅಕ್ಷರ ಬಂದು ಒಂದು ತಲೆಮಾರೂ ಆಗಿಲ್ಲ. ಕಳಕೊಂಡರೆ ಏನು ಹೋಗತೈತಿ ಅನ್ನೋದು ನನಗೆ ಗೊತ್ತು.

ಹಳ್ಳಿಯ ಮಾಸ್ತರರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಿನ ಮುದುಕಿಯರು ಇನ್ನೂ ಇದ್ದಾರೆ. ಪಿಂಜಾರ ಓಣಿಗೆ ಹೋಗಿರಿ, ಹೊಲಗೇರಿಗೆ ಹೋಗಿರಿ. ಬೀಸುವ ಪದ, ಮೊಹರಮ್ಮಿನ ಪದ ಬರೆದುಕೊಳ್ಳಿರಿ. ಪದದ ಕೆಳಗೆ ಹಾಡಿದವಳ ಹೆಸರು ಬರೆಯಿರಿ. ಆಮೇಲೆ ಆಕೆಯ ಮೊಮ್ಮಗಳು ಸಾಲಿಗೆ ಹೋಗತಾಳೇನು ಅಂತ ಕೇಳಿರಿ.