ಎಡಮುರಿ–ಬಲಮುರಿ: ಒಂದು ವಿಜ್ಞಾನದ ಚರಿತ್ರೆ

ಶಂಖದಲ್ಲಿ ಎಡಮುರಿ, ಬಲಮುರಿ ಎಂಬ ಎರಡು ಬಗೆ ಇರುವುದು ನಮ್ಮ ಹಿರಿಯರಿಗೆಲ್ಲ ಗೊತ್ತು. ಒಂದು ಇನ್ನೊಂದರ ಕನ್ನಡಿ ಬಿಂಬದಂತೆ. ಹೇಗೆ ತಿರುಗಿಸಿ ಇಟ್ಟರೂ ಎಡಮುರಿಯದು ಬಲಮುರಿಯಾಗದು. ವಸ್ತುಗಳ ಈ ಗುಣಕ್ಕೆ ವಿಜ್ಞಾನದಲ್ಲಿ ಕೈರಾಲಿಟಿ ಎನ್ನುತ್ತಾರೆ. ವಿದ್ಯುತ್ತಿನಿಂದ ಈ ಮುರಿಯನ್ನು ಬದಲಿಸಲು ಮನುಷ್ಯ ಕಲಿತ ಕಥೆ ಇದು.

1848ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಟಾರ್ಟಾರಿಕ್ ಆಮ್ಲದ ಒಂದು ಲವಣದ ಹರಳುಗಳನ್ನು ಎಡ, ಬಲ ಎಂದು ಕೈಯಿಂದಲೇ ಆರಿಸಿ ಬೇರೆ ಮಾಡಿದರು. ಎರಡರ ದ್ರಾವಣಗಳೂ ಧ್ರುವೀಕೃತ ಬೆಳಕನ್ನು ವಿರುದ್ಧ ದಿಕ್ಕಿಗೆ ತಿರುಗಿಸಿದವು. 1920ರಲ್ಲಿ ಅಮೆರಿಕದ ಜೋಸೆಫ್ ವಾಲಸೆಕ್ ಅದೇ ಆಮ್ಲದ ಇನ್ನೊಂದು ಲವಣವಾದ ರೋಶೆಲ್ ಲವಣದಲ್ಲಿ ಫೆರೋಎಲೆಕ್ಟ್ರಿಕ್ ಗುಣ ಕಂಡರು. ಇಂಥ ಹರಳಿನಲ್ಲಿ ಧನ–ಋಣ ತುದಿಗಳು ತಾವಾಗಿಯೇ ಇರುತ್ತವೆ. ಹೊರಗಿನಿಂದ ವಿದ್ಯುತ್ ಕ್ಷೇತ್ರ ಕೊಟ್ಟರೆ ಅದಲುಬದಲಾಗುತ್ತವೆ. ಆದರೆ ಆ ಲವಣದ ಅಣುಗಳ ಮುರಿ ಬದಲಾಗದು.

ನಮ್ಮ ನಾಡಿನಲ್ಲಿ, 1950ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಅವರು ಕ್ವಾರ್ಟ್ಜ್ ಮೊದಲಾದ ಹರಳುಗಳು ಬೆಳಕನ್ನು ಹೀಗೆ ತಿರುಗಿಸುವ ಬಗೆಯನ್ನು ಅಭ್ಯಾಸ ಮಾಡಿದರು. 1970ರ ದಶಕದ ಆರಂಭದಲ್ಲಿ ಜಪಾನಿನ ಸಂಶೋಧಕರು ಲೆಡ್ ಜರ್ಮನೇಟ್ ಎಂಬ ಹರಳಿಗೆ ವಿದ್ಯುತ್ ಕ್ಷೇತ್ರ ಕೊಟ್ಟರು. ತುದಿಗಳ ಜೊತೆಗೆ ಅದರ ಮುರಿಯೂ ಬದಲಾಯಿತು.

ಮುಂದಿನ ದೊಡ್ಡ ಹೆಜ್ಜೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ರಾಮಮೂರ್ತಿ ರಮೇಶ್ ಅವರ ಪಾಲಿದೆ. 2016ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅವರ ಬಳಗ ಲೆಡ್ ಟೈಟನೇಟ್ ಮತ್ತು ಸ್ಟ್ರಾನ್ಷಿಯಂ ಟೈಟನೇಟ್‌ಗಳ ಅತಿ ತೆಳು ಪದರಗಳನ್ನು ಒಂದರ ಮೇಲೊಂದು ಬೆಳೆಸಿತು. ಒಳಗಿನ ವಿದ್ಯುತ್ ಧ್ರುವಗಳು, ತುಂಬಿದ ಕಾಗಿಣಾ ಹೊಳೆಯ ಸುಳಿಯಂತೆ, ಸುತ್ತಿ ನಿಂತಿದ್ದವು. ಸುತ್ತುತ್ತಲೇ ಅವು ಸುಳಿಯ ನಡುಗೆರೆಯತ್ತ ವಾಲಿದರೆ ಎಡಮುರಿ ಅಥವಾ ಬಲಮುರಿ ಸುರುಳಿಯಾಗುತ್ತದೆ. ವಿದ್ಯುತ್ ಕ್ಷೇತ್ರದಿಂದ ಆ ಮುರಿಯನ್ನು ಬೇಕಾದಂತೆ ಬದಲಿಸಿ, ಮತ್ತೆ ಮೊದಲಿನಂತೆ ಮಾಡಬಹುದೆಂದು 2022ರಲ್ಲಿ ರಮೇಶ್ ಅವರೂ ಇದ್ದ ತಂಡ ತೋರಿಸಿತು. ಎಡಕ್ಕೆ ಸೊನ್ನೆ, ಬಲಕ್ಕೆ ಒಂದು ಎಂದು ಇಟ್ಟುಕೊಂಡರೆ, ಮುಂದೆ ಕಂಪ್ಯೂಟರಿನ ಮೆಮೊರಿಗೂ ಇದು ಬಳಕೆಯಾದೀತು.

ಈ ಶಾಲೆಯಲ್ಲಿ ಕನ್ನಡದಲ್ಲಿ ಓದಿ ಬಿ.ಇ. ಸೇರಿದ ನನ್ನಂಥವರನ್ನು ವಿಷಯಕ್ಕಿಂತ ಇಂಗ್ಲಿಷ್ ಹೆಸರುಗಳೇ ಹೆಚ್ಚು ಹೆದರಿಸಿದವು. ಎಡಮುರಿ, ಬಲಮುರಿ, ಸುಳಿ ಎಂಬ ಮಾತುಗಳು ಮೊದಲೇ ನಮ್ಮ ಬಳಿ ಇದ್ದವು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿದ ಊರು ನಮ್ಮದು. ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯನೂ ಆ ಕಾಲದವನೇ. ಇಂಥ ಊರಿನ ಮಕ್ಕಳು ಇಂದಿನ ವಿಜ್ಞಾನವನ್ನು ಮೊದಲು ತಮ್ಮ ಮಾತಿನಲ್ಲಿ ತಿಳಿದು, ಆಮೇಲೆ ಇಂಗ್ಲಿಷ್ ಹೆಸರು ಕಲಿಯಲಿ ಎಂದು ಗುರುಗಳಲ್ಲಿ ನನ್ನ ವಿನಂತಿ.